ಪದಚರ್ಚೆ: ಚುನಾವಣೆಗೆ ಕೊಡುವ ಹಣ ದೇಣಿಗೆಯೋ, ವಂತಿಗೆಯೋ?

ಎಲ್ಲರಿಗೂ ನಮಸ್ಕಾರ.

ವಿಧಾನಸಭೆ ಚುನಾವಣೆಯ ಹಣಕಾಸಿನ ನಿಯಮಗಳನ್ನು ಮತದಾರರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಿಕ್ಕ ಕೈಪಿಡಿ. ಶುರುವಿನಲ್ಲೇ ಒಂದು ಪದ ಕೈ ಹಿಡಿದು ನಿಲ್ಲಿಸಿದೆ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಬಿ ಕಲಮು, ಪಕ್ಷಗಳು ಜನರಿಂದ ಮತ್ತು ಕಂಪನಿಗಳಿಂದ ‘ಕಾಂಟ್ರಿಬ್ಯೂಷನ್’ ಪಡೆಯಬಹುದು ಅನ್ನುತ್ತದೆ. ಸರ್ಕಾರಿ ಕಂಪನಿಗಳಿಂದ ಮತ್ತು ವಿದೇಶಿ ಮೂಲಗಳಿಂದ ಕೂಡದು. ಇದಕ್ಕೆ ನಮ್ಮ ಪತ್ರಿಕೆಗಳು ಬರೆಯುವುದು ‘ದೇಣಿಗೆ’. ಸರಿ ಅಂತ ಮುಂದೆ ಹೋದರೆ ಅದೇ ಕಲಮಿನ ವಿವರಣೆ ಅಡ್ಡ ಬರುತ್ತದೆ: ಕಾಂಟ್ರಿಬ್ಯೂಷನ್ ಅಂದರೆ ಡೊನೇಷನ್, ಸಬ್‌ಸ್ಕ್ರಿಪ್ಷನ್ ಎರಡೂ ಸೇರಿದ್ದು ಅಂತ. ಪತ್ರಿಕೆಯ ಪದವನ್ನೇ ಇಟ್ಟುಕೊಂಡರೆ “ದೇಣಿಗೆ ಎಂದರೆ ದೇಣಿಗೆಯೂ ಸೇರಿದ್ದು” ಅಂತಾಗುತ್ತದೆ. ಓದಿದವರು ನಗುವುದಿಲ್ವಾ?

ಹಾಗಾಗಿ ಒಂದು ದೊಡ್ಡ ಪದ ಬೇಕು, ಅದರ ಹೊಟ್ಟೆಯೊಳಗೆ ಕೂರುವ ಎರಡು ಚಿಕ್ಕ ಪದ ಬೇಕು. ನನಗೆ ತೋಚಿದ ದೊಡ್ಡ ಪದ ‘ವಂತಿಗೆ’. ವಂತು ಅಂದರೆ ಪಾಲು. ಊರ ಜಾತ್ರೆಗೆ, ಗಣೇಶನ ಹಬ್ಬಕ್ಕೆ ಮನೆಗಿಷ್ಟು ಅಂತ ಹಾಕುವುದು ವಂತಿಗೆ. ಭವಿಷ್ಯನಿಧಿಗೆ ನೌಕರರು, ಮಾಲೀಕರು ಕಟ್ಟುವುದಕ್ಕೂ ಇದೇ ಪದ ಬಳಕೆಯಲ್ಲಿದೆ. ಒಂದು ಕೆಲಸಕ್ಕೆ ನನ್ನ ಪಾಲು ಇದು ಅನ್ನುವ ಅರ್ಥ ಅದರಲ್ಲೇ ಇದೆ. ‘ದೇಣಿಗೆ’ಗೆ ಆ ಅರ್ಥ ಇಲ್ಲ. ಕೊಟ್ಟು ಕೈ ತೊಳೆದುಕೊಂಡರು, ತಿರುಗಿ ಏನೂ ಕೇಳಲಿಲ್ಲ ಅನ್ನುವ ದಾನದ ವಾಸನೆ ಅದಕ್ಕೆ. ಗುತ್ತಿಗೆದಾರರು ಪಕ್ಷಕ್ಕೆ ಕೊಟ್ಟ ಹಣವನ್ನೂ ಅನಾಥಾಲಯಕ್ಕೆ ಕೊಟ್ಟ ಹಣವನ್ನೂ ಒಂದೇ ಪದದಲ್ಲಿ ಹೇಳುವುದು ನನಗೇಕೋ ಸರಿ ಕಾಣುವುದಿಲ್ಲ.

ಆದರೆ ವಂತಿಗೆಗೂ ಒಂದು ಮಸಿ ಅಂಟಿದೆ. ಶಾಲಾ ಕಾಲೇಜುಗಳು ಸೀಟಿಗಾಗಿ ಕೀಳುವ ಹಣಕ್ಕೆ ‘ವಂತಿಗೆ ಹಾವಳಿ’ ಅಂತ ಬರೆದು ಬರೆದು ಪದವೇ ಕೆಟ್ಟಿದೆ. ‘ಡೊನೇಷನ್’ ಪಾಡು ಇನ್ನೂ ಕಷ್ಟ. ಕರ್ನಾಟಕದಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ 1984ರಲ್ಲೇ ಕಾಯ್ದೆ ಬಂತು. ಆದರೂ ಇವತ್ತಿಗೂ ‘ಡೊನೇಷನ್ ಎಷ್ಟು?’ ಅಂದರೆ ಯಾರೂ ಧರ್ಮಕಾರ್ಯ ಅಂದುಕೊಳ್ಳುವುದಿಲ್ಲ.

ಕಾನೂನು ಬರೆದವರೂ ಪದ ಬೆರೆಸಿದ್ದಾರೆ ಅನ್ನುವುದು ಒಂದು ಸಮಾಧಾನ. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 13ಎ ಕಲಮಿನಲ್ಲಿ ಒಂದು ಕಡೆ ಕಾಂಟ್ರಿಬ್ಯೂಷನ್, ಇನ್ನೊಂದು ಕಡೆ ಡೊನೇಷನ್ ಅಂತಿತ್ತು. 2,000 ರೂಪಾಯಿಗಿಂತ ಜಾಸ್ತಿ ಹಣವನ್ನು ಪಕ್ಷ ನಗದಾಗಿ ಪಡೆಯಬಾರದು ಅಂತ 2017ರಲ್ಲಿ ಸೇರಿಸಿದ ಜಾಗದಲ್ಲಿ ಇದ್ದದ್ದು ಡೊನೇಷನ್. 20,000 ರೂಪಾಯಿ ದಾಟಿದ್ದರ ವಿವರವನ್ನು ಪಕ್ಷ ಚುನಾವಣಾ ಆಯೋಗಕ್ಕೆ ಕೊಡಬೇಕು ಅನ್ನುವ ಪ್ರಜಾಪ್ರತಿನಿಧಿ ಕಾಯ್ದೆಯ 29ಸಿ ಕಲಮಿನಲ್ಲಿ ಮತ್ತೆ ಕಾಂಟ್ರಿಬ್ಯೂಷನ್. ಓದುಗರಿಗೆ ಇವೆರಡೂ ಬೇರೆ ಬೇರೆ ಹಣ ಅನ್ನಿಸಬಾರದಲ್ಲ.

ಸಬ್‌ಸ್ಕ್ರಿಪ್ಷನ್‌ಗೆ ‘ಚಂದಾ’ ಇದೆ. ಕನ್ನಡದಲ್ಲಿ ಚಂದಾದಾರರು ಅಂದರೆ ಪತ್ರಿಕೆ ತರಿಸುವವರು. ಪಕ್ಷದ ಸದಸ್ಯತ್ವಕ್ಕೆ ಕಟ್ಟುವ ಹಣಕ್ಕೂ ಹೊಂದುತ್ತದೆ. ಆದರೆ ಹಿಂದಿಯಲ್ಲಿ ಚಂದಾ ಅಂದರೆ ಎಲ್ಲ ಬಗೆಯ ದೇಣಿಗೆ. ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ಕೊಟ್ಟವರ ಹೆಸರು ಹೊರಗೆ ಬಾರದ ಹಾಗೆ ಪಕ್ಷಗಳಿಗೆ ಹಣ ಕೊಡುವ ಚುನಾವಣಾ ಬಾಂಡ್ ಯೋಜನೆಯನ್ನು ರದ್ದು ಮಾಡಿದ ಮೇಲೆ ‘ಚಂದಾ ದೋ, ಧಂದಾ ಲೋ’ (ಹಣ ಕೊಡಿ, ವ್ಯವಹಾರ ಪಡೆಯಿರಿ) ಅನ್ನುವ ಘೋಷಣೆ ಓಡಾಡಿತು. ಪ್ರಾಸ ಚೆನ್ನಾಗಿದೆ ಅಂತ ನಮ್ಮವರೂ ಹಾಗೇ ಎತ್ತಿಕೊಂಡರು. ಈಗ ಚಂದಾ ಅಂತ ಬರೆದರೆ ಯಾವ ಅರ್ಥ ಮೊದಲು ಹೊಳೆಯುತ್ತದೋ!

ಸುಮ್ನೆ ಒಂದು ಮಾತು. ಆ ತೀರ್ಪಿನಲ್ಲಿ ಕೋರ್ಟು ಆತಂಕಪಟ್ಟದ್ದು ಕೊಟ್ಟವರು ತಿರುಗಿ ಏನು ಪಡೆಯುತ್ತಾರೆ ಅನ್ನುವುದರ ಬಗ್ಗೆ. ಇದಕ್ಕೆ ನಮ್ಮಲ್ಲಿ ಅಚ್ಚುಕಟ್ಟಾದ ಪದವಿದೆ, ‘ಮುಯ್ಯಿ’. ಮದುವೆಮನೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿಟ್ಟುಕೊಳ್ಳುತ್ತಾರೆ. ಅವರ ಮನೆಯ ಕಾರ್ಯಕ್ಕೆ ಅಷ್ಟನ್ನಾದರೂ ತಿರುಗಿ ಮಾಡಲೇಬೇಕು. ಬಾಂಡಿನಲ್ಲಿ ಮತದಾರರಿಗೆ ಆ ಬರೆದಿಟ್ಟ ಪುಸ್ತಕವೇ ಕಾಣುತ್ತಿರಲಿಲ್ಲ. ಕೈಪಿಡಿಯಲ್ಲಿ ಮುಯ್ಯಿ ಅಂತ ಬರೆಯಲು ನನಗೆ ಧೈರ್ಯವಿಲ್ಲ, ಬಿಡಿ.

‘ಕಾಣಿಕೆ’ಯನ್ನು ಮೊದಲೇ ಕೈಬಿಟ್ಟೆ. ಅದು ದೇವರಿಗೆ, ಇಲ್ಲವೇ ಮೇಲಿನವರಿಗೆ. ಹೈಕಮಾಂಡ್‌ಗೆ ‘ಕಪ್ಪಕಾಣಿಕೆ’ ಹೋಯಿತು ಅಂತ ಎಲ್ಲ ಪಕ್ಷದವರೂ ಒಬ್ಬರ ಮೇಲೊಬ್ಬರು ಹೇಳುವುದನ್ನು ಕೇಳುತ್ತಲೇ ಇದ್ದೇವೆ. ‘ಠೇವಣಿ’ಯಲ್ಲಿ ತಕರಾರಿಲ್ಲ. ವಿಧಾನಸಭೆಗೆ 10,000 ರೂಪಾಯಿ, ಪರಿಶಿಷ್ಟರಿಗೆ ಅರ್ಧ. ಆರನೇ ಒಂದು ಪಾಲು ಮತ ಬರದಿದ್ದರೆ ಹೋಯಿತು.

ಇನ್ನು ಹಣ ಕೂಡಿಸುವ ಕೆಲಸಕ್ಕೆ ಏನನ್ನೋಣ? ‘ನಿಧಿ ಸಂಗ್ರಹ’ ಕಚೇರಿ ಮಾತು. ‘ವಸೂಲಿ’ ಅಂದರೆ ಜಬರ್ದಸ್ತಿ. ‘ಹಣ ಎತ್ತುವುದು’ ಒಂದು ಕಾಲಕ್ಕೆ ಚೆನ್ನಾಗಿತ್ತು, ಈಗ ಕಳ್ಳತನದ ಹತ್ತಿರ ಹೋಗಿದೆ. ಮಲೆನಾಡಿನ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಚುನಾವಣೆಗಳನ್ನು ನೆನೆಯುವವರು ‘ಒಂದು ಓಟು, ಒಂದು ನೋಟು’ ಅನ್ನುತ್ತಾರೆ. ಮುಂದೆ ರೈತ ಸಂಘವೂ ಆ ಮಾತನ್ನು ಬಳಸಿತು. ಮತದಾರರ ಹತ್ತಿರವೇ ಮತದ ಜೊತೆ ಹಣವನ್ನೂ ಕೇಳುವ ಆ ರೂಢಿಗೆ ಸಾಗರ, ಹೊಸನಗರದ ಕಡೆ ಬೇರೆ ಹೆಸರೇನಾದರೂ ಇತ್ತಾ? ಮಲೆನಾಡಿನ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಧಾರವಾಡ, ಬೆಳಗಾವಿ ಕಡೆಯವರಲ್ಲೂ ಒಂದು ಪ್ರಶ್ನೆ. ನಿಮ್ಮಲ್ಲಿ ಜಾತ್ರೆಗೆ ಹಣ ಕೂಡಿಸಲು ‘ಪಟ್ಟಿ’ ಹಾಕುತ್ತಾರೆ, ಅದೇ ಅರ್ಥದ ಮರಾಠಿಯ ‘ವರ್ಗಣಿ’ಯೂ ಕಿವಿಗೆ ಬಿದ್ದಿದೆ. ಇವನ್ನು ಚುನಾವಣೆಯ ಹಣಕ್ಕೂ ಅನ್ನುತ್ತೀರಾ, ಬರೀ ಊರ ಕೆಲಸಕ್ಕಾ?

ಸದ್ಯಕ್ಕೆ ನನ್ನ ಕರಡಿನಲ್ಲಿ ಇರುವುದು ಹೀಗೆ: “ವಂತಿಗೆ ಎಂದರೆ ದೇಣಿಗೆ ಮತ್ತು ಚಂದಾ ಎರಡೂ ಸೇರಿದ್ದು.” ಸೀಟಿನ ಹಾವಳಿ ನೆನಪಾಗದೆ ಇದನ್ನು ಓದಲು ಆಗುತ್ತದಾ, ನೋಡಿ ತಿಳಿಸಿ.