ಪದ ಬೇಕಿದೆ: ಸಿಟಿ ಚಿತ್ರದಲ್ಲಿ ಸ್ಟೆಂಟಿನ ‘ಬ್ಲೂಮಿಂಗ್’

ಎಲ್ಲರಿಗೂ ನಮಸ್ಕಾರ,

ಸ್ಟೆಂಟ್ ಹಾಕಿಸಿಕೊಂಡವರಿಗಾಗಿ ಹೃದಯದ ಸಿಟಿ ಆಂಜಿಯೋ (ಹೃದಯದ ರಕ್ತನಾಳಗಳನ್ನು ತೋರಿಸುವ ಸಿಟಿ ಸ್ಕ್ಯಾನ್) ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ರೇಡಿಯಾಲಜಿಯವರು ‘ಬ್ಲೂಮಿಂಗ್ ಆರ್ಟಿಫ್ಯಾಕ್ಟ್’ ಅಂತಾರಲ್ಲ (ಬ್ಲೂಮಿಂಗ್ ಅಂದರೆ ಅರಳುವುದು, ಆರ್ಟಿಫ್ಯಾಕ್ಟ್ ಅಂದರೆ ಮೈಯೊಳಗೆ ಇಲ್ಲದೆ ಚಿತ್ರದಲ್ಲಷ್ಟೇ ಮೂಡುವ ತೋರಿಕೆ), ಅದಕ್ಕೆ ಕನ್ನಡದಲ್ಲಿ ಏನನ್ನೋಣ?

ವಿಷಯ ಇಷ್ಟು. ಸ್ಟೆಂಟ್ ಅಂದರೆ ಕಿರಿದಾದ ರಕ್ತನಾಳವನ್ನು ತೆರೆದಿಡಲು ಒಳಗೆ ಕೂರಿಸುವ, ಲೋಹದ ಬಲೆಯಂಥ ಕೊಳವೆ. ಈಗಿನ ಹೆಚ್ಚಿನ ಸ್ಟೆಂಟುಗಳಲ್ಲಿ ಲೋಹದ ಎಳೆ 0.1 ಮಿ.ಮೀ.ಗಿಂತ ತೆಳು. ಸಾಮಾನ್ಯ ಸಿಟಿ ಯಂತ್ರಕ್ಕೆ ಸುಮಾರು ಅರ್ಧ ಮಿ.ಮೀ.ಗಿಂತ ಸಣ್ಣದನ್ನು ಬಿಡಿಸಿ ತೋರಿಸಲು ಕಷ್ಟ. ಹಾಗಾಗಿ ಎಳೆಯ ಬಿಳುಪು ಅಕ್ಕಪಕ್ಕಕ್ಕೂ ಹರಡಿ, ಲೋಹ ಇರುವುದಕ್ಕಿಂತ ಎಷ್ಟೋ ದಪ್ಪ ಕಾಣುತ್ತದೆ. ಒಳದಾರಿ ಕಿರಿದಾದಂತೆ ತೋರುತ್ತದೆ. ಬ್ಲಾಕ್ ಇಲ್ಲದಿದ್ದರೂ ಇದೆ ಅನ್ನಿಸಬಹುದು! 3 ಮಿ.ಮೀ.ಗಿಂತ ಸಣ್ಣ ಸ್ಟೆಂಟುಗಳಲ್ಲಿ ಈ ತೊಂದರೆ ಜಾಸ್ತಿ.

ಇದನ್ನು ತಗ್ಗಿಸಲು, ಅಲುಗಾಟದಿಂದ ಚಿತ್ರ ಇನ್ನಷ್ಟು ಮಸುಕಾಗದಂತೆ ಮಾತ್ರೆ ಕೊಟ್ಟು ಹೃದಯದ ಬಡಿತ ನಿಧಾನ ಮಾಡುತ್ತಾರೆ, ಅಂಚು ಚೂಪಾಗಿ ಬರುವಂತೆ ಚಿತ್ರ ಕಟ್ಟುತ್ತಾರೆ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ‘ಫೋಟಾನ್ ಕೌಂಟಿಂಗ್’ ಸಿಟಿಯಂತೂ (ಎಕ್ಸ್-ರೇ ಕಣಗಳನ್ನು ಒಂದೊಂದಾಗಿ ಎಣಿಸುವ ಹೊಸ ಬಗೆಯ ಯಂತ್ರ) 0.2 ಮಿ.ಮೀ. ತೆಳುವಿನ ಹೋಳುಗಳಲ್ಲಿ ಚಿತ್ರ ಕೊಡಬಲ್ಲದು.

ಈಗ ಪದಕ್ಕೆ ಬರೋಣ. ಮೊದಲು ಹೊಳೆದದ್ದು ‘ಅರಳಿಕೆ’. ಆದರೆ ಬಲೂನ್ ಊದಿ ಸ್ಟೆಂಟನ್ನು ಒಳಗೆ ಅರಳಿಸುವುದೇ ಚಿಕಿತ್ಸೆ. ‘ನಿಮ್ಮ ಸ್ಟೆಂಟ್ ಅರಳಿದೆ’ ಅಂದರೆ ರೋಗಿ ಖುಷಿಪಡುತ್ತಾನೆ, ಅಲ್ವಾ? ‘ಊತ’, ‘ಉಬ್ಬು’ ಅಂದರೆ ಅದಕ್ಕೆ ತಿರುಗುಮುರುಗು: ರಕ್ತನಾಳವೇ ಬಾತಿದೆ ಅಂದುಕೊಂಡು ಸುಮ್ನೆ ಗಾಬರಿ. ದಪ್ಪಗಾಗಿರುವುದು ಚಿತ್ರದಲ್ಲಿ ಮಾತ್ರ, ಮೈಯೊಳಗಲ್ಲ ಅನ್ನುವುದು ಪದದಲ್ಲೇ ಗೊತ್ತಾಗಬೇಕು.

ಆರ್ಟಿಫ್ಯಾಕ್ಟಿಗೆ ‘ಕೃತಕ’ ಸೇರಿಸಿದರೂ ಸಾಲದು. ಸ್ಟೆಂಟೇ ಕೃತಕ! ‘ಹುಸಿನೆರಳು’ ಕಿವಿಗೇನೋ ಹಿತ. ಆದರೆ ಲೋಹದ ಪಕ್ಕ ಬೀಳುವ ಕಪ್ಪು ಗೆರೆಗಳಿಗೆ ಅದು ಸರಿ, ಹರಡಿದ ಬಿಳುಪಿಗೆ ನೆರಳು ಅನ್ನುವುದು ಹೇಗೆ?

ಸದ್ಯಕ್ಕೆ ‘ಹುಸಿದಪ್ಪ’ ಅಂತ ಬರೆದುಕೊಂಡಿದ್ದೇನೆ. ‘ಸ್ಟೆಂಟ್ ಸಣ್ಣದಾದಷ್ಟೂ ಹುಸಿದಪ್ಪದ ಕಾಟ ಹೆಚ್ಚು’ – ಓದಲು ತೊಡಕಿಲ್ಲ. ರಕ್ತನಾಳದ ಗೋಡೆಯಲ್ಲಿ ಕಟ್ಟಿದ ಕ್ಯಾಲ್ಸಿಯಂ ಕೂಡ ಹೀಗೇ ಹರಡಿ ಕಾಣುವುದರಿಂದ ಅಲ್ಲಿಗೂ ಒಪ್ಪುತ್ತದೆ. ಒಂದೇ ಅನುಮಾನ: ‘ಹುಸಿ’ ಕಂಡ ಕೂಡಲೇ ಓದುವವರು ವರದಿಯೇ ಸುಳ್ಳು ಅಂದುಕೊಂಡಾರೆ? ‘ತೋರಿಕೆ ದಪ್ಪ’ ಅಂದರೆ ಆ ಭಯವಿಲ್ಲ, ಆದರೆ ಒಂದೇ ಪದವಾಗಿ ಕೂರುವುದಿಲ್ಲ.

ಸ್ಟೆಂಟ್ ಪದವನ್ನು ಹಾಗೇ ಬಿಡುತ್ತೇನೆ. ಲಂಡನ್ನಿನ ಹಲ್ಲಿನ ವೈದ್ಯ ಚಾರ್ಲ್ಸ್ ಸ್ಟೆಂಟ್ ಅವರ ಹೆಸರಿನಿಂದ ಬಂದದ್ದು ಅನ್ನುತ್ತಾರೆ. ನಮ್ಮ ಕಡೆ ಅದಾಗಲೇ ‘ಸ್ಟಂಟ್’ ಆಗಿ ಮನೆಮಾತಾಗಿದೆ ಕೂಡ.

ಸ್ಕ್ಯಾನಿಂಗ್ ಕೋಣೆಯಲ್ಲಿ ಕೆಲಸ ಮಾಡುವವರು ಯಾರಾದರೂ ಇಲ್ಲಿದ್ದರೆ, ರೋಗಿಗಳಿಗೆ ಇದನ್ನು ಬಾಯಲ್ಲಿ ಹೇಗೆ ಹೇಳುತ್ತೀರಿ ಅಂತ ತಿಳಿಸಿ.