ಎಚ್‌ಟಿಎಂಎಲ್ ಕಲಿಯೋಕೆ ನೋಟ್‌ಪ್ಯಾಡ್ ಸಾಕಾ, ವಿಎಸ್ ಕೋಡ್ ಬೇಕಾ?

ಪುಟ್ಟಪೇಜು: ನಮ್ಮೂರ ಲೈಬ್ರರಿಗೆ ಕನ್ನಡದಲ್ಲೇ ಒಂದು ವೆಬ್ ಪೇಜ್ ಮಾಡ್ತಿದೀನಿ, ವೆಬ್ ಪೇಜ್ ಬರೆಯೋ ಭಾಷೆ ಎಚ್‌ಟಿಎಂಎಲಲ್ಲಿ, ಪುಸ್ತಕದ ಪಟ್ಟಿ, ಟೈಮಿಂಗ್ಸ್ ಅಷ್ಟೇ. ವಿಂಡೋಸ್ 7 ಪಿಸಿ. ನೋಟ್‌ಪ್ಯಾಡಲ್ಲಿ ಬರ್ದು ಬ್ರೌಸರಲ್ಲಿ ತೆಗೆದ್ರೆ ಕನ್ನಡ ಇದ್ದ ಕಡೆಯೆಲ್ಲಾ ಬರೀ ಪ್ರಶ್ನೆ ಚಿಹ್ನೆ. ಎಡಿಟರ್ ಬದಲಾಯಿಸ್ಲಾ?

ತುಂಗಾತೀರ: ವಿಎಸ್ ಕೋಡ್ ಹಾಕ್ಕೊಳಿ ಮಾರಾಯ್ರೇ, ಕೋಡ್ ಬರೆಯೋಕೇ ಇರೋ ಎಡಿಟರ್, ಫ್ರೀ. ಆಶ್ಚರ್ಯಸೂಚಕ ಒತ್ತಿ ಟ್ಯಾಬ್ ಹೊಡೆದ್ರೆ ಹೆಡ್ಡು, ಬಾಡಿ ಅಂತ ಪುಟದ ಚೌಕಟ್ಟೆಲ್ಲಾ ತಾನೇ ಬರುತ್ತೆ.

ಹಳೇಕೀಲಿ: ಈಗಿನ ವಿಎಸ್ ಕೋಡ್ ವಿಂಡೋಸ್ 7ರಲ್ಲಿ ಓಡಲ್ಲ ಸ್ವಾಮಿ. ಅಲ್ದೆ ಎಲ್ಲಾ ತಾನೇ ಬಂದ್ರೆ ಕಲಿಯೋದೇನು? ಎಚ್‌ಟಿಎಂಎಲಲ್ಲಿ ತಪ್ಪಿದ್ರೆ ಬ್ರೌಸರ್ ಎರರ್ ಕೊಡಲ್ಲ, ಏನೋ ಊಹಿಸ್ಕೊಂಡು ತೋರಿಸಿಬಿಡುತ್ತೆ, ಎಚ್1 ಅನ್ನೋ ಶೀರ್ಷಿಕೆ ಟ್ಯಾಗ್ ಮುಚ್ಚೋದು ಮರೆತ್ರೆ ಕೆಳಗಿನ ಪಟ್ಟಿಯೆಲ್ಲಾ ದಪ್ಪಕ್ಷರ ಆಗಿ ಕೂತಿರುತ್ತೆ, ಅದನ್ನ ನಾವೇ ಹುಡುಕಿ ಸರಿ ಮಾಡಿದ್ರೇನೇ ಟ್ಯಾಗ್ ಅಂದ್ರೇನು ಅಂತ ತಲೆಗೆ ಹೋಗೋದು.

ತುಂಗಾತೀರ: ತಪ್ಪು ಹುಡುಕೋಕೆ ಟ್ಯಾಗಿಗೆ ಬೇರೆ ಬಣ್ಣನಾದ್ರೂ ಬೇಡ್ವಾ? ಕಪ್ಪು ಬಿಳುಪಲ್ಲಿ ಕಣ್ಣು ಹೋಗುತ್ತೆ ಅಷ್ಟೆ. ಸರಿ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕ್ಲಿ, ಅದು 7ರಲ್ಲೂ ಓಡುತ್ತೆ.

ಅಕ್ಷರಹುಳ: ಇಬ್ರೂ ಪ್ರಶ್ನೆ ಓದೇ ಇಲ್ಲ 🙂 ಹಳೇ ನೋಟ್‌ಪ್ಯಾಡ್ ಸುಮ್ನೆ ಬಿಟ್ರೆ ಆನ್ಸಿ ಅನ್ನೋ ಹಳೇ ಅಕ್ಷರ ಸಂಕೇತದಲ್ಲಿ ಸೇವ್ ಮಾಡುತ್ತೆ, ಅದ್ರಲ್ಲಿ ಕನ್ನಡಕ್ಕೆ ಜಾಗಾನೇ ಇಲ್ಲ, ಅಕ್ಷರ ಕಳೆದುಹೋಗುತ್ತೆ ಅಂತ ಒಂದು ವಾರ್ನಿಂಗ್ ಕೊಡುತ್ತೆ, ನಾವು ಓಕೆ ಒತ್ತಿರ್ತೀವಿ. ಪ್ರಶ್ನೆ ಚಿಹ್ನೆ ಆಗಿರೋದು ವಾಪಸ್ ಬರಲ್ಲ, ಮತ್ತೆ ಟೈಪ್ ಮಾಡ್ಬೇಕು. ಸೇವ್ ಆ್ಯಸಲ್ಲಿ ಎನ್‌ಕೋಡಿಂಗ್ ಯುಟಿಎಫ್-8 (ಕನ್ನಡಕ್ಕೂ ಜಾಗ ಇರೋ ಸಂಕೇತ), ಟೈಪ್ ಆಲ್ ಫೈಲ್ಸ್ ಇಡಿ, ಇಲ್ಲಾಂದ್ರೆ ಹೆಸರಿನ ಬಾಲಕ್ಕೆ ಟಿಎಕ್ಸ್‌ಟಿ ಅಂಟುತ್ತೆ. ಹೆಡ್ ಒಳಗೆ ಮೊದಲನೇ ಸಾಲೇ ಮೆಟಾ ಚಾರ್‌ಸೆಟ್ ಯುಟಿಎಫ್-8 ಇರ್ಲಿ. ಮೇಲಿನ ಎಚ್‌ಟಿಎಂಎಲ್ ಟ್ಯಾಗಲ್ಲಿ ಲ್ಯಾಂಗ್ ಕೆಎನ್ ಅಂತ ಹಾಕಿ, ಅಂದ್ರೆ ಭಾಷೆ ಕನ್ನಡ ಅಂತ. ತುಂಗಾತೀರ ಹೇಳಿದ ಶಾರ್ಟ್‌ಕಟ್ ಅಲ್ಲಿ ಇಎನ್ ತುಂಬುತ್ತೆ, ಪುಟಾನ ಗಟ್ಟಿಯಾಗಿ ಓದಿ ಹೇಳೋ ಸ್ಕ್ರೀನ್ ರೀಡರ್ ಕನ್ನಡಾನ ಇಂಗ್ಲಿಷ್ ಅನ್ಕೊಂಡು ಒದ್ದಾಡುತ್ತೆ.

ಪುಟ್ಟಪೇಜು: ಬಂತು!! ಆದ್ರೆ ಹಳೇ ಪುಸ್ತಕಗಳ ಪಟ್ಟಿ ವರ್ಡಿಂದ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಮೂಡಿದಂಗೆ ಏನೇನೋ ಬರ್ತಿದೆ.

ಅಕ್ಷರಹುಳ: ನುಡಿ ಅಥವಾ ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟಲ್ಲಿ ಟೈಪ್ ಮಾಡಿರ್ತಾರೆ. ಫೈಲಲ್ಲಿರೋದು ಇಂಗ್ಲಿಷ್ ಕೋಡೇ, ಫಾಂಟ್ ಮಾತ್ರ ಕನ್ನಡದ ಆಕಾರ ತೋರಿಸ್ತಿತ್ತು. ಯಾವ ಎಡಿಟರ್ ಹಾಕಿದ್ರೂ ಅದು ಸರಿಯಾಗಲ್ಲ. ಹಳೇ ಫಾಂಟಿನ ಅಕ್ಷರಾನ ನಿಜವಾದ ಕನ್ನಡ ಕೋಡಿಗೆ ಬದಲಾಯಿಸೋ ಯೂನಿಕೋಡ್ ಕನ್ವರ್ಟರಲ್ಲಿ ಹಾಕಿ ತೆಗೀರಿ, ಆಮೇಲೆ ಅರ್ಕಾವೊತ್ತು ಇರೋ ಪದಗಳ ಮೇಲೆ ಒಂದ್ಸಲ ಕಣ್ಣಾಡಿಸಿ.

ತುಂಗಾತೀರ: ವರ್ಡಲ್ಲೇ ಸೇವ್ ಆ್ಯಸ್ ವೆಬ್ ಪೇಜ್ ಅಂತ ಮಾತ್ರ ಕೊಡ್ಬೇಡಿ, ನಾಕು ಸಾಲಿಗೆ ನಾಕು ಪುಟ ಕಸ ತುಂಬುತ್ತೆ.

ಹಳೇಕೀಲಿ: ಇದೊಂದು ಒಪ್ದೆ.