ಸಹಾಯ ಬೇಕು: ಓದಿದ್ದು ರಾಶಿ ಬಿದ್ದಿದೆ, ಅಧ್ಯಾಯ ಆಗುತ್ತಿಲ್ಲ

ಪಿಎಚ್‌ಡಿಯ ಸಾಹಿತ್ಯ ಸಮೀಕ್ಷೆಯಲ್ಲೇ, ಅಂದರೆ ಹಿಂದಿನ ಸಂಶೋಧನೆಗಳನ್ನು ಪರಿಶೀಲಿಸುವ ಅಧ್ಯಾಯದಲ್ಲೇ, ಸಿಕ್ಕಿಹಾಕಿಕೊಂಡಿದ್ದೇನೆ. ಲೇಖನಗಳನ್ನು ಕೂಡಿಡುವ ಝೊಟೆರೊ ಸಾಫ್ಟ್‌ವೇರ್‌ನಲ್ಲಿ 240 ಲೇಖನಗಳಿವೆ, ಅರ್ಧಕ್ಕಿಂತ ಜಾಸ್ತಿ ಓದಿ ಹಳದಿ ಬಣ್ಣ ಬಳಿದಿದ್ದೇನೆ, ಆದರೆ ಬರೆಯಲು ಕೂತರೆ "ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ" ಅಂತ ಸುಮ್ನೆ ಸಾರಾಂಶಗಳ ಸಾಲೇ ಬರುತ್ತದೆ. ಗೈಡ್ ಅಂಚಿನಲ್ಲಿ ಬರೆದದ್ದು ಒಂದೇ ಮಾತು: "ನಿಮ್ಮ ವಾದ ಎಲ್ಲಿ?" ಸರಿಯಾದ ಪ್ರಶ್ನೆಯೇ.

ಎಕ್ಸೆಲ್‌ನಲ್ಲಿ ಒಂದೊಂದು ಸಾಲಿಗೆ ಒಂದು ಲೇಖನ, ಒಂದೊಂದು ಕಾಲಮ್‌ಗೆ ಒಂದು ವಿಷಯ ಹಾಕಿ ನೋಡಿದೆ. ಎಲ್ಲರೂ ಒಪ್ಪುವ ಕಡೆ ಅದು ಸಾಕಾಯಿತು. ತೊಡಕಿರುವುದು ಇಲ್ಲಿ: ಒಂದೇ ವಿಷಯಕ್ಕೆ ಸರ್ವೆ ಮಾಡಿದವರದ್ದು ಒಂದು ಉತ್ತರ, ಸಂದರ್ಶನ ಮಾಡಿದವರದ್ದು ಅದಕ್ಕೆ ಪೂರ್ತಿ ಉಲ್ಟಾ. ಇಬ್ಬರೂ ಅಳೆದದ್ದೇ ಬೇರೆ ಇರಬಹುದು ಅಲ್ವಾ?

ಇಂಥ ಕಡೆ ವಿಧಾನದ ಪ್ರಕಾರ ಬೇರೆ ಬೇರೆ ಗುಂಪು ಮಾಡಬೇಕಾ, ಅಥವಾ ಎರಡನ್ನೂ ಒಂದೇ ವಿಷಯದ ಕೆಳಗಿಟ್ಟು ವ್ಯತ್ಯಾಸ ಯಾಕೆ ಬಂತು ಅಂತ ಬರೆಯಬೇಕಾ? ಈ ಅಧ್ಯಾಯ ದಾಟಿದವರು ದಯವಿಟ್ಟು ಹೇಳುತ್ತೀರಾ?